ಬೆಳೆಯುವ ಮಗನಿಗೆ ಹನ್ನೆರಡು ಕೆ.ಜಿ.

ನಮ್ಮ ಹಿತ್ತಲಲ್ಲಿ ಕರು ಕಟ್ಟುವುದಕ್ಕೆ ಗೂಟವಿಲ್ಲ. ಗೂಟದ ಬದಲು ಕಪ್ಪನೆಯ, ಗುಂಡನೆಯ, ಮೇಲೊಂದು ದಪ್ಪ ಹಿಡಿ ಇರುವ ಕಬ್ಬಿಣದ ಗುಂಡೊಂದು ಬಿದ್ದಿದೆ. ಹೊಸದಾಗಿ ಮನೆಗೆ ಬಂದವರು ಅದನ್ನು ಯಾವುದೋ ಹಳೇ ಮಂಡಿಯ ತೂಕದ ಬಟ್ಟು ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ತಿದ್ದಿದರೆ ಪೂರ್ತಿ ಕಥೆ ಹೇಳಬೇಕಾಗುತ್ತದೆ. ಅದರ ಹೆಸರು ಕೆಟಲ್‌ಬೆಲ್. ವ್ಯಾಯಾಮದ ಸಾಮಾನು. ಮೈಸೂರಿಗೆ ಹೋಗಿ, ಸಾಲಾಗಿ ಜೋಡಿಸಿಟ್ಟಿದ್ದ ಗುಂಡುಗಳನ್ನೆಲ್ಲ ನೋಡಿ, ಯೋಚಿಸಿ, ನಾನೇ ಆರಿಸಿಕೊಂಡು ತಂದದ್ದು. ವಿಜ್ಞಾನ ಓದಿ, ವಿಜ್ಞಾನವನ್ನೇ ಹೇಳಿಕೊಡುವ ಮೇಷ್ಟ್ರೊಬ್ಬ ತನ್ನ ಕೈಗೆ ಎಷ್ಟು ತೂಕ ಸರಿ ಎಂಬುದು ಗೊತ್ತಾಗದೆ, ಕರುವಿಗೆ ಸರಿಹೋಗುವ ತೂಕ ತಂದ ಎಂದರೆ ನಗಬೇಡಿ. ನಕ್ಕರೂ ಸ್ವಲ್ಪ ಮೆಲ್ಲಗೆ ನಗಿ. ನಮ್ಮವ್ವ ಒಳಗೆ ಕೂತಿದ್ದಾಳೆ.

ಕೈಗೆ ಪೆಟ್ಟು ಬಿದ್ದದ್ದರಿಂದ ಶುರುಮಾಡುತ್ತೇನೆ. ಪಿರಿಯಾಪಟ್ಟಣದಲ್ಲಿ ನಮ್ಮ ಮನೆ. ನಾನು ಪಾಠ ಮಾಡುವ ಹೈಸ್ಕೂಲು ರಾವಂದೂರಿನ ದಾರಿಯಲ್ಲಿ. ಹುರುಳಿ ಕಿತ್ತ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳು ರಸ್ತೆಗಳಾಗಿ ಉಳಿಯುವುದಿಲ್ಲ, ಕಣಗಳಾಗುತ್ತವೆ. ಕಿತ್ತ ಗಿಡಗಳನ್ನು ಟಾರಿನ ಮೇಲೆ ಹಾಸಿ ರೈತರು ಮರದ ನೆರಳಲ್ಲಿ ಕೂರುತ್ತಾರೆ. ಬಸ್ಸು, ಲಾರಿ, ಟ್ರಾಕ್ಟರುಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ಅವತ್ತು ಎಂಟನೇ ಕ್ಲಾಸಿಗೆ ಘರ್ಷಣೆಯ ಪಾಠ ಮಾಡಬೇಕಿತ್ತು. ಘರ್ಷಣೆ ಇಲ್ಲದಿದ್ದರೆ ಮನುಷ್ಯ ನಡೆಯಲಾರ, ನಿಲ್ಲಲಾರ ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಳ್ಳುತ್ತ ಮೊಪೆಡ್ಡಿನಲ್ಲಿ ಹೋಗುತ್ತಿದ್ದೆ. ಎದುರಿಗೆ ಹುರುಳಿ ಕಂಡಿತು, ಬ್ರೇಕು ಹಾಕಿದೆ. ಆಮೇಲೆ ಆಕಾಶ ಕಂಡಿತು. ಗಿಡ ಹಾಸಿದ್ದ ಹೆಂಗಸು ಓಡಿ ಬಂದು ನನ್ನನ್ನು ಎತ್ತುತ್ತಲೇ ಬೈದಳು: "ಅಯ್ಯೋ ಮೇಷ್ಟ್ರೆ, ಉಳ್ಳಿ ಮ್ಯಾಲೆ ಅಂಗೆ ಬ್ರೇಕ್ ಹಾಕಾದಾ? ಕಾಳೆಲ್ಲ ಚರಂಡಿಗ್ ಚೆಲ್ಲೋಯ್ತಲ್ಲ!"

ಬಲಗೈಯ ಮೂಳೆ ಮುರಿದಿರಲಿಲ್ಲ. ಆದರೆ ಭುಜದ ಒಳಗೆ ಯಾವುದೋ ಬಾಗಿಲು ಹಾಕಿಕೊಂಡಿತ್ತು. ಊಟ ಮಾಡಬಹುದು, ಸೈನ್ ಹಾಕಬಹುದು, ಮೀಸೆ ತಿರುವಬಹುದು. ಕಿವಿಯಿಂದ ಮೇಲಕ್ಕೆ ಮಾತ್ರ ಕೈ ಏಳದು.

ಇದರಲ್ಲಿ ಅಂಥದ್ದೇನು ಕಷ್ಟ ಎಂದು ನಿಮಗೆ ಅನ್ನಿಸಬಹುದು. ನನ್ನ ಮನೆತನದ ವಿಷಯ ಒಂದು ಮಾತು ಹೇಳಿದರೆ ತಿಳಿದೀತು. ನಮ್ಮಲ್ಲಿ ಎಲ್ಲರೂ ಬಗ್ಗಿ ಕೆಲಸ ಮಾಡಿದವರು. ನಾಟಿಗೆ ಬಗ್ಗಿದರು, ಕಳೆಗೆ ಬಗ್ಗಿದರು, ರಾಗಿ ಕೊಯ್ಯಲು ಬಗ್ಗಿದರು, ಹೊಗೆಸೊಪ್ಪಿನ ತಳದೆಲೆ ಮುರಿಯಲು ಇನ್ನೂ ಸ್ವಲ್ಪ ಬಗ್ಗಿದರು. ಸೊಪ್ಪು ಹದಮಾಡುವ ಬ್ಯಾರನ್ನಿನ ಒಳಗೆ ಕಡ್ಡಿ ಏರಿಸುವಾಗ ಬಿಟ್ಟರೆ ಅವರ ಕೈ ತಲೆಯಿಂದ ಮೇಲೆ ಹೋದದ್ದೇ ಕಡಿಮೆ. ನಮ್ಮ ವಂಶದಲ್ಲಿ ನೆಟ್ಟಗೆ ನಿಂತು, ಕೈ ಮೇಲೆತ್ತಿ ಮಾಡುವ ಕೆಲಸ ಹಿಡಿದ ಮೊದಲನೆಯವನು ನಾನು. ಕರಿಹಲಗೆಯ ತುದಿಯಲ್ಲಿ ಪಾಠದ ಹೆಸರು ಬರೆಯುವುದು ಕೆಲವರಿಗೆ ಬರೀ ಬರವಣಿಗೆ. ನನಗೆ ದಿನಾ ಬೆಳಿಗ್ಗೆ ಇಷ್ಟು ದೂರ ಬಂದೆ ಎಂದು ಒಂದು ಸಲ ಮುಟ್ಟಿ ನೋಡಿಕೊಳ್ಳುವುದು. ಜಂಬ ಎನ್ನಿ, ಬೇಡವೆನ್ನುವುದಿಲ್ಲ. ಪುಕ್ಕಟೆ ಬಂದ ಜಂಬವಲ್ಲ ಅದು.

ಈಗ ಆ ಕೈ ಹಲಗೆಯ ಅರ್ಧಕ್ಕೇ ನಿಂತಿತು. ಬರೆದದ್ದೆಲ್ಲ ಕೆಳಗೆ. ಹಿಂದಿನ ಬೆಂಚಿನವರು ಎದ್ದು ನಿಲ್ಲುವರು, ಅವರ ಹಿಂದಿನವರು ಬೆಂಚು ಹತ್ತುವರು. ಎಡಗೈಯಲ್ಲಿ ಬರೆದು ನೋಡಿದೆ. ನನ್ನ ಅಕ್ಷರ ನನಗೇ ಗುರುತು ಸಿಗಲಿಲ್ಲ. ಸ್ಟೂಲು ಹತ್ತಿ ಬರೆದೆ. ಮಕ್ಕಳು ಪಾಠ ಬಿಟ್ಟು ಸ್ಟೂಲಿನ ಕಾಲುಗಳನ್ನೇ ನೋಡುತ್ತ ಕೂತರು. ಮಾರ್ಚಿನ ಹೊತ್ತಿಗೆ ಹೆಡ್‌ಮೇಷ್ಟ್ರು ನನ್ನನ್ನು ಕರೆದು, ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೆ. ರಜ ಮುಗ್ಸಿ ಬರೋ ಹೊತ್ಗೆ ಕೈ ಸರಿಹೋದ್ರೆ ಸಂತೋಷ. ಇಲ್ದಿದ್ರೆ ನೀವು ಬಿಸಿಯೂಟ ನೋಡ್ಕಳಿ. ಸ್ಟೋರ್ ರೂಮಿನ ಕೀ ನಿಮ್ಮ ಹತ್ರ ಇರ್ಲಿ. ಪಾಠಕ್ಕೆ ಬೇರೆ ಯಾರನ್ನಾದ್ರೂ ಹಾಕ್ಕೊಳನ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಜಾಸ್ತಿ ನೋವಾಯಿತು. ಅಕ್ಕಿ ಬೇಳೆ ಅಳೆಯುವುದು ಹೀನ ಕೆಲಸವೇನಲ್ಲ. ನಮ್ಮ ಮನೆಯಲ್ಲಿ ಅಕ್ಕಿ ಕಂಡ ದಿನವೇ ಹಬ್ಬ. ಆದರೆ ಸೀಮೆಸುಣ್ಣಕ್ಕೋಸ್ಕರ ಅಷ್ಟು ಓದಿ ಕೊನೆಗೆ ಕೀ ಗೊಂಚಲು ಹಿಡಿಯುವುದಾ?

ಹುಣಸೂರಿನ ಮೂಳೆ ಡಾಕ್ಟರು ಭುಜವನ್ನು ಆ ಕಡೆ ಈ ಕಡೆ ತಿರುವಿ, "ಬಗ್ಗಿ," ಎಂದರು. ಬಗ್ಗಿದೆ. "ಎಡಗೈ ಮೇಜಿನ ಮೇಲಿರಲಿ. ಬಲಗೈ ಸುಮ್ನೆ ಇಳಿಬಿಡಿ. ಕೈಯಲ್ಲಿ ಸಣ್ಣದೊಂದು ತೂಕ ಹಿಡ್ಕೊಳ್ಳಿ, ಒಂದು ಕೆ.ಜಿ. ಸಾಕು. ಗಡಿಯಾರದ ಲೋಲಕದ ಹಾಗೆ ತೂಗಿ. ದಿನಾ ಮಾಡಿ. ಬಿಟ್ರೆ ಅದು ಹಾಗೇ ಗಟ್ಟಿಯಾಗಿ ಕೂತ್ಬಿಡುತ್ತೆ, ಆಮೇಲೆ ನನ್ನ ಕೇಳಬೇಡಿ." ಬಗ್ಗುವುದನ್ನು ತಪ್ಪಿಸಿಕೊಳ್ಳಲೆಂದೇ ಓದಿದವನಿಗೆ ಕೊನೆಗೆ ಸಿಕ್ಕ ಔಷಧಿ ಬಗ್ಗುವುದೇ ಆಗಿತ್ತು.

ಒಂದು ಕೆ.ಜಿ.ಯ ತೂಕವನ್ನು ಯಾವ ಕಿರಾಣಿ ಅಂಗಡಿಯಲ್ಲಾದರೂ ಕೇಳಿ ತರಬಹುದಿತ್ತು. ಆದರೆ ಪದವೀಧರನಿಗೆ ಎಲ್ಲದಕ್ಕೂ ಸರಿಯಾದ ಉಪಕರಣ ಬೇಕು. ಅವ್ವನ ಕಣ್ಣಿನ ಪೊರೆ ತೋರಿಸಲು ಮೈಸೂರಿಗೆ ಹೋಗಬೇಕಿತ್ತು, ಹಾಗೇ ಇಬ್ಬರೂ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿ ನೆಲದ ಮೇಲೆ ಕೆಟಲ್‌ಬೆಲ್ಲುಗಳು ಒಂದೇ ಮನೆಯ ಮಕ್ಕಳ ಹಾಗೆ ಎತ್ತರದ ಪ್ರಕಾರ ನಿಂತಿದ್ದವು. ಎರಡು ಕೆ.ಜಿ.ಯಿಂದ ಶುರುವಾಗಿ ನಾಲ್ಕು, ಆರು, ಎಂಟು, ಹನ್ನೆರಡು, ಹದಿನಾರು. ಆಗಿನ್ನೂ ಆ ಸಾಮಾನು ನಮ್ಮ ಕಡೆಗೆ ಹೊಸದು. ರಷ್ಯಾ ದೇಶದ ರೈತರು ಸಂತೆಯಲ್ಲಿ ಧಾನ್ಯ ತೂಗಲು ಇಟ್ಟುಕೊಂಡಿದ್ದ ಬಟ್ಟುಗಳಂತೆ ಅವು. ಬೇಸರ ಕಳೆಯಲು ಅವರು ಅದನ್ನೇ ಎತ್ತಿ ಆಡತೊಡಗಿದರಂತೆ. ಇದನ್ನು ಓದಿದಾಗ ನನಗೆ ಕೆ.ಆರ್. ನಗರದ ಅಕ್ಕಿ ಮಂಡಿಗಳು ನೆನಪಾದವು. ಅಲ್ಲಿಯ ಹಮಾಲರು ಬಟ್ಟುಗಳನ್ನು ಬೇಕಾದಷ್ಟು ಎತ್ತಿದ್ದಾರೆ, ಇಳಿಸಿದ್ದಾರೆ. ಆದರೆ ಅವರಿಗೆ ಬೇಸರ ಎಂಬುದಕ್ಕೆ ಪುರಸೊತ್ತು ಸಿಗಲಿಲ್ಲ. ಸಿಕ್ಕಿದ್ದರೆ ಈ ವಿದ್ಯೆ ನಮ್ಮಲ್ಲೇ ಹುಟ್ಟುತ್ತಿತ್ತೇನೋ.

"ಮೊದಲನೇ ಸಲನಾ ಸರ್?" ಎಂದ ಅಂಗಡಿಯವನು. ನನ್ನ ಭುಜದ ಕಥೆ ಕೇಳಿ ಎರಡು ಕೆ.ಜಿ.ಯದನ್ನು ಮುಂದಕ್ಕೆ ತಳ್ಳಿದ. ಕೆಂಪು ಬಣ್ಣದ್ದು, ಮಕ್ಕಳ ಆಟಿಕೆಯಂತಿತ್ತು. ನಾನು ಕೈ ಚಾಚುವಷ್ಟರಲ್ಲಿ ಅವ್ವ ನಡುವೆ ಬಂದಳು.

"ಸಣ್ಣುದ್ ಯಾಕ್ ಮಗ ತಕ್ಕತೀಯ? ನಾಕ್ ದಿನುಕ್ಕೆ ಸಾಲ್ದಂಗಾಯ್ತದೆ. ಆಮೇಲ್ ಇನ್ನೊಂದ್ ತಕ್ಕಬೇಕು. ಬೆಳೆಯೋ ಕೈ ಕಣ್ಲಾ, ದೊಡ್ಡುದೇ ತಕ್ಕೊ."

"ಅಜ್ಜಿ, ಸರ್‌ಗೆ ಎಷ್ಟು ವಯಸ್ಸು?" ಎಂದ ಅಂಗಡಿಯವನು.

"ನಲವತ್ತ್ ಮೂರು. ಯಾಕಪ್ಪ, ಇನ್ ಬೆಳೆಯಾಕಿಲ್ವಾ?"

ಅವನು ತುಟಿ ಕಚ್ಚಿಕೊಂಡ. ನಾನು ಗಂಭೀರವಾಗಿ ಯೋಚಿಸುವವನಂತೆ ನಿಂತೆ. ನಿಜ ಹೇಳಬೇಕೆಂದರೆ, ಅವ್ವನ ಮಾತು ಕೇಳಿದ ಕೂಡಲೇ ನನ್ನೊಳಗೆ ಯಾರೋ ತಲೆಯಾಡಿಸಿ ಹೌದೆಂದಿದ್ದರು. ಸಣ್ಣದು ಕೊಂಡರೆ ದಂಡ. ಹನ್ನೆರಡನ್ನು ತೋರಿಸಿದೆ.

ಇದು ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಮಾತ್ರ ಅರ್ಥವಾಗುವ ಲೆಕ್ಕ. ನನಗೆ ಅಳತೆಗೆ ಸರಿಯಾದ ಅಂಗಿಯನ್ನು ಯಾರೂ ಯಾವತ್ತೂ ಹೊಲಿಸಿಲ್ಲ. ದರ್ಜಿಯ ಮುಂದೆ ನಿಲ್ಲಿಸಿ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು: "ಬೆಳೆಯೋ ಹುಡ್ಗ, ಒಸಿ ಬುಟ್ಟು ಹೊಲಿಯಪ್ಪ." ಆ ಅಂಗಿಯ ತೋಳು ಬೆರಳು ದಾಟುತ್ತಿತ್ತು. ಚಡ್ಡಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಳ್ಳಬೇಕಿತ್ತು. ಚಪ್ಪಲಿಯ ಹಿಂದೆ ಇನ್ನೊಂದು ಹಿಮ್ಮಡಿಗೆ ಜಾಗವಿರುತ್ತಿತ್ತು. ಮೊದಲ ವರ್ಷ ಬಟ್ಟೆ ದೊಡ್ಡದು, ಎರಡನೇ ವರ್ಷ ಸರಿ ಎನ್ನುವಷ್ಟರಲ್ಲಿ ಮೊಣಕೈ ಹರಿದಿರುತ್ತಿತ್ತು. ಹಾಗಾಗಿ ಸರಿಯಾದ ಅಳತೆಯ ಬಟ್ಟೆಯಲ್ಲಿ ನಾನು ಇದ್ದದ್ದೇ ಅಪರೂಪ. ಒಂದೋ ಇನ್ನೂ ಬೆಳೆಯಬೇಕಿತ್ತು, ಇಲ್ಲವೇ ಬೆಳೆದುಬಿಟ್ಟಿದ್ದೆ.

ಆದರೆ ಅವ್ವನನ್ನು ಆಡಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಇಂಗ್ಲಿಷಿನ ವಿಜ್ಞಾನಕ್ಕೆ ಸೇರಿಸಿದಳಲ್ಲ, ಅದೂ ಎರಡು ಅಳತೆ ದೊಡ್ಡ ಅಂಗಿಯೇ. ಒಂದು ವರ್ಷವೆಲ್ಲ ಆ ಅಂಗಿಯೊಳಗೆ ನನ್ನ ಕೈ ಎಲ್ಲಿದೆ ಎಂದು ಹುಡುಕಿದ್ದೇನೆ. ಒಂದು ಸಲ ಫೇಲೂ ಆದೆ. ಊರಿನವರು, "ಹೊಲುಕ್ ಕಳ್ಸಿದ್ರೆ ಇಷ್ಟೊತ್ಗೆ ಒಂದ್ ಬೆಳೆ ಬತ್ತಿತ್ತು," ಎಂದರು. ಅವ್ವ ಅಲುಗಲಿಲ್ಲ. "ತುಂಬ್ಕೋತಾನೆ ಬುಡಿ," ಎಂದಳು. ತುಂಬಿಕೊಂಡೆ. ಅಳತೆಗೆ ಸರಿಯಾದದ್ದನ್ನೇ ಅವಳು ಆರಿಸಿದ್ದರೆ ನಾನು ಪದವಿಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಹೀಗೆ ಒಂದು ಸಲ ಬದುಕನ್ನೇ ಗೆಲ್ಲಿಸಿಕೊಟ್ಟ ಲೆಕ್ಕವನ್ನು ಭುಜದ ವಿಷಯದಲ್ಲಿ ಹೇಗೆ ಅನುಮಾನಿಸಲಿ?

ಗುಂಡನ್ನು ಬಸ್‌ಸ್ಟ್ಯಾಂಡಿಗೆ ಹೊತ್ತದ್ದು ಅವ್ವನೇ. ನನ್ನ ಕೈ ನೋಯುತ್ತಿತ್ತಲ್ಲ. ಸೆರಗನ್ನು ಸುತ್ತಿ ಸಿಂಬಿ ಮಾಡಿ, ತಲೆಯ ಮೇಲಿಟ್ಟುಕೊಂಡು, ಒಂದು ಕೈಯನ್ನೂ ಕೊಡದೆ ನಡೆದಳು. ಮಗ ಪಕ್ಕದಲ್ಲಿ ಬರಿಗೈ ಬೀಸಿಕೊಂಡು ನಡೆದ. ಕಂಡಕ್ಟರು ಅದನ್ನು ಮೂರು ಸುತ್ತು ನೋಡಿ, "ಏನಮ್ಮೋ ಇದು, ದೇವ್ರಾ?" ಎಂದ. "ಊ ಕಣಪ್ಪ, ನಮ್ ಮೇಷ್ಟ್ರ ಕೈ ಎತ್ತಿಸೋ ದೇವ್ರು," ಎಂದಳು ಅವ್ವ.

ದೇವರು ಒಲಿಯಲಿಲ್ಲ. ಮಾರನೇ ದಿನ ಬಗ್ಗಿ, ಹಿಡಿ ಹಿಡಿದು, ನೆಲದಿಂದ ಒಂದು ಗೇಣು ಎತ್ತಿದೆನೋ ಇಲ್ಲವೋ, ಭುಜದೊಳಗೆ ಬೆಂಕಿ ಕಡ್ಡಿ ಗೀರಿದಂತಾಯಿತು. ತೋಳು ಊದಿಕೊಂಡು, ಕಿವಿಯವರೆಗೆ ಹೋಗುತ್ತಿದ್ದ ಕೈ ಈಗ ಎದೆಗೇ ನಿಂತಿತು. ನನ್ನ ಹೆಂಡತಿ ಮಂಜುಳ ಬಿಸಿನೀರಿನ ಬಟ್ಟೆ ಇಡುತ್ತ, "ಕೈ ಎತ್ತಾಕೆ ಅಂತ ತಂದ್ರಿ. ಈಗ ಊಟಕ್ಕೂ ನಾನೇ ಕಲಸಿ ಕೊಡ್ಬೇಕು. ಬೆಳೆಯೋ ಮಗು ಅಲ್ವಾ, ತುತ್ತು ಒಸಿ ದೊಡ್ದಾಗೇ ಇಡ್ಲಾ?" ಎಂದಳು. ಡಾಕ್ಟರಂತೂ, "ಹನ್ನೆರಡು ಕೆ.ಜಿ. ಎತ್ತೋಕೆ ಯಾರ್ರೀ ಹೇಳಿದ್ದು?" ಎಂದು ಗದರಿದರು. ನಮ್ಮವ್ವ ಎನ್ನಲು ನಾಚಿಕೆಯಾಗಿ, ಎಲ್ಲೋ ಓದಿದೆ ಎಂದೆ. ಓದಿನ ಮೇಲೆ ಅಪವಾದ ಹೊರಿಸಿದ್ದು ಅದೇ ಮೊದಲು.

ಊತ ಇಳಿಯಲು ಏಪ್ರಿಲ್ಲಿನ ಬಹುಪಾಲು ಹೋಯಿತು. ರಜ ಕರಗುತ್ತಿತ್ತು. ಅವ್ವ ಗುಂಡಿಗೆ ಹಗ್ಗ ಬಿಗಿದು ಕರು ಕಟ್ಟಿದಳು. ತಂದ ಸಾಮಾನು ದಂಡವಾಗಬಾರದು. ನಾನು ಹಿತ್ತಲ ಕಲ್ಲಿನ ಮೇಲೆ ಕೂತು ಕರುವನ್ನು ನೋಡುತ್ತಿದ್ದೆ. ಅದು ಎಳೆಯುತ್ತಿತ್ತು, ಗುಂಡು ಅಲುಗುತ್ತಿರಲಿಲ್ಲ. ನನ್ನ ಕಣ್ಣಿಗೆ ಮಾತ್ರ ಜೂನ್ ತಿಂಗಳು, ಕಿಟಕಿಯಿಲ್ಲದ ಒಂದು ಸ್ಟೋರ್ ರೂಮು, ಅದರ ಕೀ ಗೊಂಚಲು ಕಾಣುತ್ತಿದ್ದವು.

ಹಾಗೆ ಕೂತಿದ್ದ ಒಂದು ಬೆಳಿಗ್ಗೆ ಪಕ್ಕದ ಬೀದಿಯ ಹೆಂಗಸರು ಡೇರಿಗೆ ಹಾಲು ಹಾಕಿ ಬರುತ್ತಿದ್ದರು. ಖಾಲಿ ಕ್ಯಾನುಗಳು ಅವರ ಕೈಯಲ್ಲಿ ತಮ್ಮಷ್ಟಕ್ಕೆ ತೂಗುತ್ತಿದ್ದವು. ಹಿಂದೆ ಹೋದವು, ಮುಂದೆ ಬಂದವು. ಆ ಹೆಂಗಸರು ಸೊಸೆಯರ ಮಾತಾಡಿಕೊಳ್ಳುತ್ತಿದ್ದರು. ಕ್ಯಾನಿನ ಕಡೆ ಯಾರಿಗೂ ಗ್ಯಾನವಿರಲಿಲ್ಲ. ಆಗ, ವರ್ಷವರ್ಷವೂ ಒಂಬತ್ತನೇ ಕ್ಲಾಸಿಗೆ ನಾನೇ ಹೇಳುವ ಪಾಠವೊಂದು ನನ್ನ ಎದುರಿಗೇ ಬಂದು ನಿಂತಿತು. ಲೋಲಕ ಒಂದು ಸಲ ತೂಗಿ ಬರಲು ಹಿಡಿಯುವ ಕಾಲ ಅದರ ತುದಿಯ ಗುಂಡಿನ ತೂಕದ ಮೇಲೆ ನಿಂತಿಲ್ಲ. ದಾರದ ಉದ್ದದ ಮೇಲೆ ನಿಂತಿದೆ. ಸೀಸದ ಗುಂಡು ಕಟ್ಟಿ, ಮರದ ಗುಂಡು ಕಟ್ಟಿ, ಮಕ್ಕಳ ಕೈಯಲ್ಲೇ ಮಾಡಿಸಿದ್ದೇನೆ. ದಾರ ಎಂದರೆ ಇಲ್ಲಿ ನನ್ನ ತೋಳು. ಅದರ ಉದ್ದ ದೇವರು ಕೊಟ್ಟಷ್ಟು. ಮತ್ತೆ ತೂಕಕ್ಕೆ ಏಕೆ ಅಷ್ಟು ಹೊಡೆದಾಡಿದೆ?

ಮಂಜುಳಳಿಂದ ನಮ್ಮ ಮನೆಯ ಚಿಕ್ಕ ಹಾಲಿನ ಕ್ಯಾನು ಇಸಿದುಕೊಂಡೆ. ತಳದಲ್ಲಿ ಸ್ವಲ್ಪ ನೀರು. ಎಡಗೈಯನ್ನು ಹಟ್ಟಿಯ ಜಗಲಿಗೆ ಊರಿ, ಬಗ್ಗಿ, ಕಣ್ಣು ಮುಚ್ಚಿ, ಬಲಗೈಯನ್ನು ಇಳಿಬಿಟ್ಟೆ.

ಅಲ್ಲಿಂದಾಚೆಗಿನ ಮುಂಜಾವುಗಳನ್ನು ನಾನು ಸರಿಯಾಗಿ ಹೇಳಲಾರೆ. ಅವು ಎಚ್ಚರಕ್ಕೂ ನಿದ್ದೆಗೂ ನಡುವಿನ ಯಾವುದೋ ಜಾಗದಲ್ಲಿ ಕಳೆದವು. ಕ್ಯಾನು ಹಿಂದೆ ಹೋಗುತ್ತಿತ್ತು, ಒಳಗಿನ ನೀರು ಕ್ಷಣ ತಡೆದು ಹಿಂಬಾಲಿಸುತ್ತಿತ್ತು, ಎರಡೂ ಸೇರಿ ಮುಂದೆ ಬರುತ್ತಿದ್ದವು. ಕೈ ನನ್ನದಲ್ಲ, ಯಾರದೋ ಮನೆಯ ತೊಟ್ಟಿಲು ಎನಿಸುತ್ತಿತ್ತು. ತಲೆ ಕೆಳಗಾಗಿದ್ದರಿಂದ ನೆಲವೇ ಮುಖದ ಹತ್ತಿರ ಬಂದಿರುತ್ತಿತ್ತು. ಎಷ್ಟೋ ವರ್ಷದಿಂದ ಅಷ್ಟು ಹತ್ತಿರದಿಂದ ನೆಲ ನೋಡಿರಲಿಲ್ಲ. ಇರುವೆಗಳ ದಾರಿ, ಬೇವಿನ ಹೂವಿನ ಪುಡಿ, ರಾತ್ರಿ ಬಿದ್ದ ಮೊದಲ ಹನಿಗಳು ಧೂಳಿನಲ್ಲಿ ಮಾಡಿದ ಸಣ್ಣ ಕುಳಿಗಳು. ಸಸಿ ಮಡಿಗೆ ನೀರು ಹಾಕುವವರ ಮಾತು ದೂರದ ಹೊಲದಿಂದ ಅರ್ಧರ್ಧ ಕೇಳಿ ಕರಗುತ್ತಿತ್ತು. ಎಲ್ಲೋ ಬ್ಯಾರನ್ನು ಸಾರಿಸುತ್ತಿದ್ದ ಹಸಿ ಮಣ್ಣಿನ ವಾಸನೆ. ಬಗ್ಗಿ ಬಗ್ಗಿ ಸವೆದರು ಎಂದು ನಾನು ಮರುಗುತ್ತಿದ್ದ ನಮ್ಮ ಹಿರಿಯರು ಇದನ್ನೆಲ್ಲ ದಿನಾ ಕಂಡಿದ್ದರಲ್ಲ ಎನಿಸಿ, ಅವರ ಮೇಲೆ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು. ಹಾಗೆಂದು ಅವರ ನಡುನೋವು ನನಗೆ ಬೇಕಿಲ್ಲ. ಅಷ್ಟು ಸುಳ್ಳು ಹೇಳಲಾರೆ.

ಆ ತೂಗಾಟದಲ್ಲೇ ನನಗೆ, ಹೊಸದಾಗಿ ತೂಕ ಎತ್ತುವವರಿಗೆ ಯಾವ ತೂಕ ಸರಿ ಎಂಬುದೂ ತಿಳಿಯಿತು. ಯಾರಾದರೂ ಕೇಳಲಿ ಎಂದು ಕಾದಿದ್ದೇನೆ, ಇದುವರೆಗೆ ಯಾರೂ ಕೇಳಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಹಿಡಿದಷ್ಟು ಹೊತ್ತೂ ಅದರದೇ ಯೋಚನೆ ಬಂದರೆ ತೂಕ ಜಾಸ್ತಿಯಾಯಿತು. ಹಿಡಿದಿರುವುದೇ ಮರೆತುಹೋದರೆ ಕಮ್ಮಿಯಾಯಿತು. ಮನಸ್ಸು ಎಲ್ಲೋ ಅಲೆಯಲು ಹೋಗಿ, ಅರೆ, ಕೈಯಲ್ಲಿ ಏನೋ ಇತ್ತಲ್ಲ ಎಂದು ತಾನೇ ತಿರುಗಿ ಬರುವಷ್ಟಿದ್ದರೆ, ಅದು ಇವತ್ತಿನ ತೂಕ. ನಾಳೆಯದು ನಾಳೆಗೆ. ಅಂಗಿ ದೊಡ್ಡದಾದರೆ ಒಳಗೆ ಗಾಳಿ ಆಡುತ್ತದೆ, ಕಾಯಬಹುದು. ಹೊರೆ ದೊಡ್ಡದಾದರೆ ಅದು ಕಾಯುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸ ನನಗೆ ನಲವತ್ತ ಮೂರಕ್ಕೆ ಹೊಳೆಯಿತು.

ಮಂಜುಳ ಬೆಳಿಗ್ಗೆ ಲೋಟ ಹಿಡಿದು ಬರುತ್ತಿದ್ದಳು. "ಇವತ್ತು ಕಾಲ್ ಲೋಟ ಜಾಸ್ತಿ ಮಾಡ್ಲಾ, ಇಲ್ಲ ಮೊದ್ಲು ಒಂದ್ ಪರೀಕ್ಷೆ ಇಡ್ಬೇಕಾ?" ಎನ್ನುವಳು. ಅವ್ವ ಕಂಬಕ್ಕೊರಗಿ ನೋಡಿ ನೋಡಿ, "ಚೊಂಬ್ ನೀರ್ ತೂಗಾಕೂ ಒಂದ್ ಓದ್ ಬೇಕಿತ್ತೇನ್ಲಾ?" ಎಂದು ಒಳಗೆ ಹೋಗುವಳು. ನೀರು ಏರಿತು. ಕೈ ಕಿವಿಗೆ ಬಂತು. ಕಿವಿಯ ಹತ್ತಿರ ಬಹಳ ದಿನ ನಿಂತುಬಿಟ್ಟಿತು. ಶಾಲೆ ಶುರುವಾಗುವ ಹಿಂದಿನ ದಿನ ಗೋಡೆಗೆ ಕೈ ಒತ್ತಿ ನೋಡಿದೆ. ನೆತ್ತಿ ದಾಟಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಸಾಕೋ ಸಾಲದೋ ಗೊತ್ತಾಗಲಿಲ್ಲ. ಗೋಡೆಯನ್ನು ಎಷ್ಟೆಂದು ಕೇಳುವುದು?

ಜೂನ್ ಬಂತು. ಬಾಗಿಲ ಪಕ್ಕದಲ್ಲಿ ಒದ್ದೆ ಛತ್ರಿಗಳು, ಹೊಸ ಪುಸ್ತಕದ ವಾಸನೆ, ಒಂಬತ್ತನೇ ಕ್ಲಾಸು. ಹೆಡ್‌ಮೇಷ್ಟ್ರು ಕಾರಿಡಾರಿನಲ್ಲಿ ಮಳೆ ನೋಡುವವರ ಹಾಗೆ ನಿಂತಿದ್ದರು. ಕೀ ಗೊಂಚಲು ಅವರ ಬೆರಳಲ್ಲೇ ಇತ್ತು. ನಾನು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕಡೆ ತಿರುಗಿದೆ. ಕೈ ಎದ್ದಿತು. ಕಿವಿ ದಾಟಿತು, ನೆತ್ತಿ ದಾಟಿತು, ಹಲಗೆಯ ತುದಿಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು. ಒಂದು ಗಳಿಗೆ ಕಾದೆ. ಇವತ್ತು ಇಷ್ಟೇ ಎಂದಿತು ಭುಜ. ಇಷ್ಟಕ್ಕೇ ಬರೆದೆ: ಬೆಳಕಿನ ಪ್ರತಿಫಲನ. ಉದ್ದದ ಹೆಸರು, ಬರೆಯುತ್ತ ಬರೆಯುತ್ತ ಕೈ ಸೋತು, ಕೊನೆಯ ಅಕ್ಷರಗಳು ಇಳಿಜಾರಿನಲ್ಲಿ ಜಾರಿದವು.

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೂತಲ್ಲಿಂದಲೇ ಕೂಗಿದಳು: "ಸಾ, ಸೊಟ್ಟುಗದೆ ಸಾ!"

ಕ್ಲಾಸೆಲ್ಲ ನಕ್ಕಿತು. ನಾನು ತಿರುಗಿ, "ಕಾಣ್ತದಾ?" ಎಂದೆ.

"ಓ, ಚೆನ್ನಾಗ್ ಕಾಣ್ತದೆ ಸಾ."

"ಅಂಗಾದ್ರೆ ಬರ್ಕೊಳಿ."

ಕಾರಿಡಾರಿನಲ್ಲಿ ಕೀಗಳ ಸದ್ದು ದೂರವಾಗುತ್ತ ಹೋಯಿತು. ನಾನು ಬೆಂಚುಗಳ ನಡುವೆ ನಿಧಾನವಾಗಿ ನಡೆದು, ಬಗ್ಗಿ, ಒಬ್ಬೊಬ್ಬರ ಪುಸ್ತಕವನ್ನೂ ನೋಡಿದೆ. ನಾನು ಸೊಟ್ಟಗೆ ಬರೆದದ್ದನ್ನು ಮಕ್ಕಳೆಲ್ಲ ನೆಟ್ಟಗೆ ಬರೆದುಕೊಂಡಿದ್ದರು.